ಹನ್ನೊಂದನೇ ಪೀಪಾಯಿ

ಇಲ್ಲಿ ನನಗೆ ಸಂಬಳ ಸಿಗುವುದು ಉಗುಳುವುದಕ್ಕೆ. ಕೆಲಸಕ್ಕೆ ಸೇರಿದ ಮೊದಲ ದಿನ ಮಾರ್ಗರೆಟ್ ನನ್ನ ಒಂದು ಕೈಗೆ ಗ್ಲಾಸು, ಇನ್ನೊಂದು ಕೈಗೆ ಸ್ಟೀಲ್ ಬಕೆಟ್ ಕೊಟ್ಟು, “ಮೂಸು, ಬಾಯಲ್ಲಿ ತಿರುಗಿಸು, ಉಗುಳು. ನುಂಗುತ್ತ ಹೋದರೆ ಹತ್ತು ಗಂಟೆಯ ಹೊತ್ತಿಗೆ ನಿನಗೆ ಏನೂ ತಿಳಿಯುವುದಿಲ್ಲ” ಎಂದರು. ಹಳಿಯಾಳದ ಬಸ್ ಸ್ಟ್ಯಾಂಡಿನ ಕಂಬಕ್ಕೆ ಎಲೆಯಡಿಕೆಯ ಕವಳ ಉಗುಳುವವರನ್ನು ಕಂಡರೆ ಮುಖ ತಿರುಗಿಸುತ್ತ ಬೆಳೆದವಳು ನಾನು. ಇಲ್ಲಿ ನಾವಿಬ್ಬರು ಮರ್ಯಾದಸ್ಥ ಹೆಂಗಸರು ಎದುರುಬದುರು ನಿಂತು ಒಂದೇ ಬಕೆಟ್ಟಿಗೆ ಗುರಿಯಿಟ್ಟು ಉಗುಳಿದೆವು. ನನ್ನದು ಅವರ ಬೂಟಿನ ಮೇಲೆ ಬಿತ್ತು.

ಇದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಂದು ಕಣಿವೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಇಲ್ಲಿ ಬಂದು ವೈನ್ ಮಾಡುವುದನ್ನು ಒಂದು ವರ್ಷ ಕಲಿತು, ಈ ಸಣ್ಣ ವೈನರಿ ಸೇರಿದೆ. ಮಾರ್ಗರೆಟ್ ಇದರ ಯಜಮಾನತಿ. ಇಲ್ಲಿ ಎರಡೇ ವೈನು: ಬಿಳಿ ದ್ರಾಕ್ಷಿಯ ಶಾರ್ಡೊನೆ, ತೆಳು ಸಿಪ್ಪೆಯ ಕಪ್ಪು ದ್ರಾಕ್ಷಿಯ ಪಿನೊ ನ್ವಾರ್. ಪ್ರತಿ ವಸಂತದಲ್ಲಿ ಹೊಸ ಬಾಟಲಿಗಳು ಮಾರಾಟಕ್ಕೆ ಬರುತ್ತವೆ. ಅದಕ್ಕೆ ಅವರು ರಿಲೀಸ್ ಎನ್ನುತ್ತಾರೆ, ನಾವು ಸಿನಿಮಾಕ್ಕೆ ಅನ್ನುವ ಹಾಗೆ. ಈ ರಿಲೀಸ್ ಸರಿಯಾಗಿ ಆದರೆ ನನ್ನ ಕೆಲಸ ಕಾಯಂ, ವೀಸಾದ ಚಿಂತೆ ಇಲ್ಲ ಎಂದು ಮಾತಾಗಿತ್ತು.

ಊರಲ್ಲಿ ಅವ್ವ ಇದನ್ನು “ದ್ರಾಕ್ಷಿ ಫ್ಯಾಕ್ಟರಿ” ಎಂದು ಹೇಳಿಕೊಂಡಿದ್ದಾಳೆ. ಪಕ್ಕದ ಮನೆಯ ಶಾಂತಕ್ಕ ನಂಬಿಲ್ಲ. ವಿಡಿಯೊ ಕಾಲಿನಲ್ಲಿ ಅವ್ವನ ಭುಜದ ಹಿಂದಿನಿಂದ ಇಣುಕಿ, “ಎಮ್ಮೆಸ್ಸಿ ಕಲ್ತು ಸೆರೆ ಕಾಸಾಕ ಅಷ್ಟು ದೂರ ಯಾಕ ಹೋಗ್ಬೇಕಿತ್ತವಾ? ಇಲ್ಲೇ ನಮ್ಮ ಜೋಯ್ಡಾ ಕಡೆ ಕಲಿಸ್ತಿದ್ರು” ಅಂದಳು. ಅವ್ವ ಫೋನನ್ನೇ ಆಚೆ ತಿರುಗಿಸಿದಳು.

ದಾಂಡೇಲಿಯ ಬಂಗೂರನಗರದ ನಮ್ಮ ಮಿಲ್ ಕ್ವಾರ್ಟರ್ಸಿನಲ್ಲಿ ಯಾರ ಮನೆಯಲ್ಲಿ ಏನು ಒಗ್ಗರಣೆ ಬಿತ್ತೆಂದು ಗೋಡೆಯಾಚೆಯಿಂದಲೇ ತಿಳಿಯುತ್ತಿತ್ತು. ಇಲ್ಲಿ ಒಂದು ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಮನೆಯ ಒಡತಿ ಏನು ಅಡುಗೆ ಮಾಡುತ್ತಾಳೆಂದು ಎರಡು ವರ್ಷದಿಂದ ಗೊತ್ತಿಲ್ಲ. ಗಾಳಿಗೆ ಹುಲ್ಲಿನ ವಾಸನೆ ಬಿಟ್ಟರೆ ಬೇರೆ ವಾಸನೆಯೇ ಇಲ್ಲ. ಈ ಖಾಲಿತನದಲ್ಲಿ ನನ್ನ ಮೂಗು ಚುರುಕಾಗಿದೆ ಎಂದುಕೊಂಡಿದ್ದೆ.

ಶಾರ್ಡೊನೆಯ ಪೀಪಾಯಿಗಳನ್ನು ಮೂಸಿ, ಯಾವುದು ಒಟ್ಟಿಗೆ ಸೇರಬಹುದು, ಯಾವುದು ಬೇಡ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುವ ಕೆಲಸವನ್ನು ಮಾರ್ಗರೆಟ್ ಈ ಸಲ ನನ್ನೊಬ್ಬಳಿಗೇ ಬಿಟ್ಟರು. ಹನ್ನೊಂದನೇ ಪೀಪಾಯಿಯ ಹತ್ತಿರ ಬಹಳ ಹೊತ್ತು ನಿಂತಿದ್ದೆ. ಅದರಲ್ಲಿ ಮನೆಯ ವಾಸನೆ ಬಂತು, ಅಪ್ಪ ಮಿಲ್‌ನಿಂದ ಪಾಳಿ ಮುಗಿಸಿ ಬಂದಾಗ ಅಂಗಿಯಿಂದ ಬರುತ್ತಿದ್ದ ವಾಸನೆ. ಹಾಗೆಂದು ಆಗಲೇ ಅನ್ನಿಸಿತೋ, ತಪ್ಪಿಗೆ ಕಾರಣ ಹುಡುಕುತ್ತ ಆಮೇಲೆ ಸೇರಿಸಿಕೊಂಡೆನೋ, ಆಣೆಯಿಟ್ಟು ಹೇಳಲಾರೆ. ಆ ದಿನದ ನನ್ನ ಡೈರಿಯಲ್ಲಿರುವುದು ಇಷ್ಟೇ: “ಹನ್ನೊಂದು: ತುಂಬ ಚೆಂದ.”

ಒಪ್ಪಿದ ಪೀಪಾಯಿಗಳೆಲ್ಲ ಒಂದೇ ಟ್ಯಾಂಕಿಗೆ ಹೋದವು. ವಾರದ ನಂತರ ಮಾರ್ಗರೆಟ್ ಟ್ಯಾಂಕಿನ ನಲ್ಲಿ ತಿರುಗಿಸಿ ಗ್ಲಾಸು ಮೂಗಿಗೆ ಹಿಡಿದವರು ತಲೆ ಹಿಂದಕ್ಕೆಳೆದುಕೊಂಡರು.

“ಗಂಧಕ. ಬೇಯಿಸಿದ ಕೋಸಿನ ನೀರಿನಂತಿದೆ. ನೀನೇ ಮೂಸು.”

ಮೂಸಿದೆ. ನನಗೆ ಆಗಲೂ ಚೆಂದವೇ ಅನ್ನಿಸಿತು. ಹಾಗೆಂದು ಹೇಳಿದೆ ಕೂಡ.

ಅವರು ಬೈಯಲಿಲ್ಲ. ತೊಳೆದ ತಾಮ್ರದ ಚೂರೊಂದನ್ನು ಗ್ಲಾಸಿಗೆ ಹಾಕಿ ತಿರುಗಿಸಿ, “ಈಗ?” ಎಂದರು. ನಿಂಬೆ, ಪೀಚು ಹಣ್ಣು, ಸುಟ್ಟ ಮರ ಎಲ್ಲ ಇದ್ದವು. ನಾನು ಮೆಚ್ಚಿದ್ದು ಮಾತ್ರ ಇರಲಿಲ್ಲ. ಗಂಧಕವನ್ನು ತಾಮ್ರ ಹಿಡಿದುಕೊಳ್ಳುತ್ತದೆ ಎಂದು ಬಿಎಸ್ಸಿಯಲ್ಲೇ ಓದಿದ್ದೆ.

“ನೀನು ಬೆಳೆದದ್ದು ಎಲ್ಲಿ?”

“ಕಾಗದದ ಮಿಲ್ ಪಕ್ಕದಲ್ಲಿ.”

ಮರ ಬೇಯಿಸಿ ಕಾಗದ ಮಾಡುವ ಮಿಲ್ಲಿನಿಂದ ಹೊರಡುವುದೂ ಇದೇ ಗಂಧಕದ ವಾಸನೆ. ಅವರಿಗೆ ನಗು ಬಂತು. ನನ್ನ ಮುಖ ನೋಡಿ ತಡೆದುಕೊಂಡರು.

ಟ್ಯಾಂಕಿಗೆ ತಾಮ್ರದ ದ್ರಾವಣ ಎಷ್ಟು ಬೇಕೆಂದು ಅಳೆದವಳು ನಾನೇ, ಸುರಿದವಳೂ ನಾನೇ. ರಿಲೀಸಿನ ದಿನ ಪಿನೊ ನ್ವಾರ್ ಒಂದೇ ಹೊರಗೆ ಬಂತು. ಶಾರ್ಡೊನೆ ತಡವಾಗುತ್ತದೆ ಎಂಬ ಚೀಟಿಯನ್ನು ಗಿರಾಕಿಗಳು ರುಚಿ ನೋಡುವ ಕೋಣೆಯ ಬಾಗಿಲಿಗೆ ನಾನೇ ಅಂಟಿಸಿದೆ. ಕಾಯಂ ಮಾತು ಮುಂದಿನ ಸುಗ್ಗಿಗೆ ಹೋಯಿತು. “ಅಷ್ಟರಲ್ಲಿ ಆ ವಾಸನೆ ನಿನಗೆ ಕೆಟ್ಟದ್ದೆಂದು ತಿಳಿಯಬೇಕು. ಇಲ್ಲದಿದ್ದರೆ ನಾನು ಏನು ಮಾಡಲಿ?” ಎಂದರು ಮಾರ್ಗರೆಟ್. ಅದು ಬೆದರಿಕೆಯಾಗಿರಲಿಲ್ಲ.

ಸಂಜೆ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಹೊತ್ತು.

“ಅವ್ವಾ, ನಮ್ಮ ಮನಿ ಕಡೆ ಒಂದು ವಾಸನಿ ಬರ್ತಿತ್ತಲ್ಲ, ಅಪ್ಪನ ಅಂಗಿಗೂ ಇರ್ತಿತ್ತಲ್ಲ?”

“ಯಾವ ವಾಸನಿ? ನಿಮ್ಮಪ್ಪ ಜಳಕಾ ಮಾಡಿನ ಒಳಗ ಬರ್ತಿದ್ದ. ಸತ್ತವರ ಮ್ಯಾಲೆ ಏನೇನೋ ಹೇಳಬ್ಯಾಡ.”

“ಹಂಗಲ್ಲವಾ...”

“ನೀ ತಾಮ್ರದ ತಂಬಿಗ್ಯಾಗ ನೀರು ಇಟ್ಟು ಕುಡೀತೀಯೋ ಇಲ್ಲೋ, ಅದನ್ನ ಹೇಳು.”

ನಾನು ಚಿಕ್ಕವಳಿದ್ದಾಗಲೇ ತೀರಿಹೋದ ಅಪ್ಪನ ಬಗ್ಗೆ ನನಗೆ ಖಾತ್ರಿಯಾಗಿ ನೆನಪಿರುವುದು ಇದೊಂದು ಎಂದುಕೊಂಡಿದ್ದೆ. ಅವ್ವ ಮರೆತಿದ್ದಾಳೋ, ಅವಳ ಮೂಗಿಗೆ ಅದೆಂದೂ ವಾಸನೆಯೇ ಆಗಿರಲಿಲ್ಲವೋ, ನಾನೇ ಕಟ್ಟಿಕೊಂಡೆನೋ. ಅಪ್ಪನ ಅಂಗಿಯ ಬಗ್ಗೆ ಕೇಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ.

ಈಗ ದಿನಾ ಬೆಳಗ್ಗೆ ಮಾರ್ಗರೆಟ್ ಐದು ಗ್ಲಾಸು ಇಡುತ್ತಾರೆ. ಒಂದರಲ್ಲಿ ಮಾತ್ರ ಆ ವಾಸನೆಯ ಒಂದು ಹನಿ. ನಾನು ಅದನ್ನು ಹುಡುಕಿ “ತಪ್ಪು” ಎಂದು ಬರೆಯಬೇಕು. ಮೊದಲ ವಾರಗಳಲ್ಲಿ ಅದನ್ನೇ ಹೆಚ್ಚು ಹೊತ್ತು ಮೂಸುತ್ತಿದ್ದೆ. ಕಳೆದ ಮಂಗಳವಾರ ಮೂರನೇ ಗ್ಲಾಸು ಎತ್ತಿದೊಡನೆ ಯೋಚನೆಗೂ ಮೊದಲೇ ಮುಖ ಕಿವುಚಿಕೊಂಡಿತು. ಮಾರ್ಗರೆಟ್ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮುಖ ತೊಳೆದುಕೊಂಡೆ.

ಡಿಸೆಂಬರಿನಲ್ಲಿ ಊರಿಗೆ ಹೋಗುತ್ತೇನೆ. ಹಳಿಯಾಳ ದಾಟಿ ಮಿಲ್ಲಿನ ಗಾಳಿ ಬರತೊಡಗಿದ ಮೇಲೆ ಬಸ್ಸಿನ ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಇನ್ನೂ ತೀರ್ಮಾನವಾಗಿಲ್ಲ. ದಾಂಡೇಲಿ ಸ್ಟ್ಯಾಂಡಿನಲ್ಲಿ ಅವ್ವ ನಿಂತಿರುತ್ತಾಳೆ. ನಾನು ಇಳಿದು ಮೊದಲ ಉಸಿರು ಎಳೆದುಕೊಳ್ಳುವಾಗ ಅವಳು ನೋಡುವುದು ನನ್ನ ಮುಖವನ್ನೇ.