ಪ್ರಾರ್ಥನೆ ತಪ್ಪಿದ ಇಪ್ಪತ್ತು ಟ್ರೇಗಳು

ಕೊರೊನಾ ಮುಗಿದ ಮೇಲಿನ ಎರಡನೇ ಬೇಸಿಗೆ ಅದು. ಕೋಲಾರದ ಹತ್ತಿರ ಕ್ಯಾಲನೂರಿನಲ್ಲಿ ಒಂದೂವರೆ ಎಕರೆ ಜಾಗದಲ್ಲಿ ನಾನು ತರಕಾರಿ ಸಸಿಗಳ ನರ್ಸರಿ ಶುರುಮಾಡಿ ಒಂಬತ್ತು ವರ್ಷವಾಗಿತ್ತು. ಮಾಲೀಕಳೂ ನಾನೇ, ಮ್ಯಾನೇಜರೂ ನಾನೇ. ಕೆಲಸಕ್ಕೆ ಹನ್ನೊಂದು ಜನ ಹೆಂಗಸರಿದ್ದರು. ಅವರ ಮುಂದಾಳು ನಾರಾಯಣಮ್ಮ ಮೊದಲ ದಿನದಿಂದಲೂ ನನ್ನ ಜೊತೆಗಿದ್ದವಳು.

ನಮ್ಮ ಕಡೆ ಟೊಮೆಟೊ ಬೆಳೆಯುವವರು ಈಗ ಬಹುಪಾಲು ಸಸಿ ಕೊಂಡೇ ನೆಡುತ್ತಾರೆ. ತೊಂಬತ್ತೆಂಟು ಗುಳಿಗಳಿರುವ ಪ್ಲಾಸ್ಟಿಕ್ ಟ್ರೇಗೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿ ಗುಳಿಗೊಂದು ಬೀಜ ಹಾಕುತ್ತೇವೆ. ಇಪ್ಪತ್ತೈದು ದಿನಕ್ಕೆ ಸಸಿ ಸಿದ್ಧ. ರೈತರಿಂದ ವಾಪಸು ಬಂದ ಟ್ರೇಯನ್ನು ಮತ್ತೆ ತುಂಬುವ ಮೊದಲು ಬ್ಲೀಚಿಂಗ್ ಪುಡಿ ಕಲಸಿದ ತೊಟ್ಟಿಯಲ್ಲಿ ಅದ್ದಿ, ತೊಳೆದು, ಒಣಗಿಸಬೇಕು. ಇಲ್ಲದಿದ್ದರೆ ಹಳೆಯ ಸಸಿಗಳ ಬುಡಕೊಳೆ ರೋಗ ಹೊಸದಕ್ಕೂ ಹತ್ತುತ್ತದೆ.

ನಾವು ಕ್ರೈಸ್ತರು. ವ್ಯಾಪಾರವೂ ದೇವರ ಕಣ್ಣೆದುರಿಗೇ ನಡೆಯುತ್ತದೆ ಎಂದು ನಂಬಿದವಳು ನಾನು. ಭಾನುವಾರ ಬಾಗಿಲು ತೆಗೆಯುವುದಿಲ್ಲ, ಸೊರಗಿದ ಸಸಿ ಮಾರುವುದಿಲ್ಲ, ಗಾಡಿ ಹೊರಡುವ ಮುಂಚೆ ಮೊದಲ ಟ್ರೇ ಮೇಲೆ ಕೈಯಿಟ್ಟು ಅರ್ಧ ನಿಮಿಷ ಪ್ರಾರ್ಥಿಸುತ್ತೇನೆ. ಈ ಕೊನೆಯದು ನನಗೂ ದೇವರಿಗೂ ಮಾತ್ರ ಸಂಬಂಧಿಸಿದ್ದು. ಆದರೆ ನೋಡಿದ ರೈತರು ಅದಕ್ಕೆ ತಮ್ಮದೇ ಅರ್ಥ ಕಟ್ಟಿದರು. ‘ಗ್ರೇಸಮ್ಮನ ಕೈಗುಣ ಚೆನ್ನಾಗೈತೆ’ ಎಂಬ ಮಾತು ಶ್ರೀನಿವಾಸಪುರ, ಮುಳಬಾಗಿಲಿನವರೆಗೂ ಹೋಯಿತು. ಬಂದವರು ತಮ್ಮ ದೇವರಿಗೆ ಗಾಡಿಯ ಮುಂದೆ ಕರ್ಪೂರ ಹಚ್ಚಿ, ಆಮೇಲೆ ನನ್ನ ದೇವರಿಗಾಗಿ ಕಾಯುತ್ತಿದ್ದರು. ಎರಡೂ ಕಡೆ ಒಂದು ಮಾತು ಹೇಳಿಟ್ಟರೆ ಒಳ್ಳೆಯದಲ್ಲವೇ! ಬೆಳೆ ಬರುವುದು ನನ್ನ ಕೈಯಿಂದಲ್ಲ ಎಂದು ನಾನು ಹೇಳಬೇಕಿತ್ತು. ವ್ಯಾಪಾರ ಏರುತ್ತಿತ್ತು, ಹಾಗಾಗಿ ಸುಮ್ಮನಿದ್ದೆ.

ಆ ಬೇಸಿಗೆಯಲ್ಲಿ ಸಸಿಗೆ ಬೇಡಿಕೆ ಎಷ್ಟಿತ್ತೆಂದರೆ ಟ್ರೇಗಳೇ ಸಾಲಲಿಲ್ಲ. ಅದೇ ವಾರ ಬೋರ್‌ವೆಲ್ ಮೋಟಾರು ಸುಟ್ಟಿತು. ಟ್ಯಾಂಕರ್ ನೀರು ಸಸಿಗಳಿಗೇ ಸರಿಹೋಗುತ್ತಿತ್ತು, ತೊಟ್ಟಿ ಒಣಗಿತ್ತು. ವಾಪಸು ಬಂದ ಇಪ್ಪತ್ತು ಟ್ರೇ ಮುಂದೆ ನಿಂತು ನಾರಾಯಣಮ್ಮ, “ತೊಳೀದೆ ತುಂಬೋದು ಬ್ಯಾಡ ಕಣಕ್ಕ” ಎಂದಳು.

“ನೋಡೋಕೆ ಚೆನ್ನಾಗೇ ಐತಲ್ಲ, ತುಂಬು” ಎಂದೆ.

ಸಸಿ ಬೆಳೆದ ಮೇಲೆ ಆ ಟ್ರೇಗಳು ಮುಳಬಾಗಿಲು ಹತ್ತಿರದ ದೇವರಾಯಸಮುದ್ರದ ಮುನಿವೆಂಕಟಪ್ಪನವರಿಗೆ ಹೋದವು. ನನ್ನಲ್ಲಿ ಆರು ವರ್ಷದಿಂದ ಸಸಿ ಒಯ್ಯುತ್ತಿದ್ದ, ಅರವತ್ತು ದಾಟಿದ ರೈತರು. ಒಂದು ಎಕರೆಗೆ ಅರವತ್ತು ಟ್ರೇ ಬೇಕಿತ್ತು. ಗಾಡಿ ಚಿಕ್ಕದಾದ್ದರಿಂದ ಮೊದಲ ದಿನ ನಲವತ್ತು ಒಯ್ದರು. ಅವಕ್ಕೆ ನಾನು ಪ್ರಾರ್ಥನೆ ಮಾಡಿದ್ದೆ. ಮಾರನೇ ದಿನ ನಾನು ನೆಂಟರ ಮದುವೆಗೆಂದು ಮಾಲೂರಿಗೆ ಹೋಗಿದ್ದೆ. ತೊಳೆಯದ ಇಪ್ಪತ್ತನ್ನು ಒಯ್ದದ್ದು ಆ ದಿನ.

ಹತ್ತು ದಿನಕ್ಕೆ ಫೋನು ಬಂತು. ಹೋಗಿ ನೋಡಿದೆ. ನಲವತ್ತು ಟ್ರೇಯ ಸಾಲುಗಳು ನೆಟ್ಟಗೆ ನಿಂತಿದ್ದವು. ಕೆರೆ ಕಡೆಗೆ ನೆಟ್ಟಿದ್ದ ಉಳಿದ ಇಪ್ಪತ್ತರ ಸಾಲುಗಳಲ್ಲಿ ಸಸಿಗಳು ಮಲಗಿದ್ದವು. ಒಂದನ್ನು ಕಿತ್ತೆ. ಬುಡ ಕಂದಾಗಿ, ದಾರದಷ್ಟು ಸಣ್ಣಗಾಗಿತ್ತು. ನನಗೆ ಅಲ್ಲೇ ಗೊತ್ತಾಯಿತು.

ಮುನಿವೆಂಕಟಪ್ಪನವರಿಗೆ ಸಿಟ್ಟೇ ಇರಲಿಲ್ಲ. ಜೊತೆಗೆ ಪಕ್ಕದ ಹೊಲದ ನಾಲ್ಕು ಜನ ನಿಂತಿದ್ದರು, ಅವರೂ ನನ್ನ ಗಿರಾಕಿಗಳೇ. “ನಿಮ್ ತಪ್ಪಲ್ಲ ಬುಡ್ರಮ್ಮ. ಆವತ್ತು ನೀವಿರ್ಲಿಲ್ಲ, ಪ್ರಾರ್ಥ್ನೆ ತಪ್ತು, ಹೋಯ್ತು. ಈಗ ಇಲ್ಲೇ ಮಾಡಿ. ನಾಳೆ ಅದೇ ಗುಳಿಗೆ ಬೇರೆ ಸಸಿ ನೆಡ್ತೀನಿ” ಎಂದರು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಕಣ್ಣು ಮುಚ್ಚಿ ಎರಡು ಮಾತು ಬೇಡಿ ಬಂದಿದ್ದರೆ ನನ್ನ ಹೆಸರು ಉಳಿಯುವುದಿರಲಿ, ಇನ್ನೂ ಮೇಲೇರುತ್ತಿತ್ತು. ಆದರೆ ರೋಗ ಮಣ್ಣಿಗೆ ಇಳಿದಿತ್ತು. ಅದೇ ಗುಳಿಗೆ ನೆಟ್ಟರೆ ಹೊಸ ಸಸಿಯೂ ಹೋಗುತ್ತಿತ್ತು, ಹರಿಯುವ ನೀರಿನ ಜೊತೆ ಉಳಿದ ಸಾಲುಗಳಿಗೂ ಹಬ್ಬುತ್ತಿತ್ತು. ಆ ವರ್ಷ ಅವರು ನೆಟ್ಟಿದ್ದು ಆ ಒಂದೇ ಎಕರೆ. ಸುಳ್ಳು ಹೇಳಬೇಕಾದ ಅಗತ್ಯವೂ ಇರಲಿಲ್ಲ, ಪ್ರಾರ್ಥನೆ ಮಾಡಿದ್ದರೆ ಸಾಕಿತ್ತು. ನನಗೆ ನಾಚಿಕೆಯಾದದ್ದು ಅದಕ್ಕೇ.

“ಮುನಿವೆಂಕಟಪ್ಪನೋರೇ, ಪ್ರಾರ್ಥ್ನೆ ತಪ್ಪಿದ್ದಕ್ಕಲ್ಲ ಇದು. ಈ ಇಪ್ಪತ್ತು ಟ್ರೇ ತೊಳೀಲಿಲ್ಲ. ನಾರಾಯಣಮ್ಮ ಬ್ಯಾಡ ಅಂದ್ಳು, ತುಂಬು ಅಂದೋಳು ನಾನು.”

ಅವರು ನನ್ನನ್ನೇ ನೋಡಿದರು. ಕೋಪ ಬಂದರೆ ಅವರ ಬಾಯಿಗೆ ಮನೆಯ ತೆಲುಗೇ ಬರುವುದು. “ಎಂತ ಪನಿ ಚೇಸಿನಾವಮ್ಮಾ!” ಎಂದರು. ಎಂಥ ಕೆಲಸ ಮಾಡಿದೆಯಮ್ಮ, ಎಂದು. ಆರು ವರ್ಷದಲ್ಲಿ ಅವರು ನನಗೆ ಏಕವಚನ ಬಳಸಿದ್ದು ಅದೇ ಮೊದಲು. ನಿಂತಿದ್ದವರು ಒಬ್ಬೊಬ್ಬರಾಗಿ ಬೈಕ್ ಹತ್ತಿ ಹೋದರು.

ಆ ಕಡೆಯ ನೀರು ನಿಲ್ಲಿಸಿದೆವು. ಸತ್ತ ಸಸಿಗಳನ್ನು ಕಿತ್ತು ಸುಟ್ಟು, ಉಳಿದ ಸಾಲುಗಳ ಬುಡಕ್ಕೆ ಔಷಧಿ ಹುಯ್ದೆವು. ಎರಡು ದಿನ ನಾನೂ ನಾರಾಯಣಮ್ಮನೂ ಅವರ ಹೊಲದಲ್ಲೇ ಇದ್ದೆವು. ನಲವತ್ತು ಟ್ರೇಯ ಬೆಳೆ ಉಳಿಯಿತು. ಇಪ್ಪತ್ತರದು ಆ ಸಲ ಹೋದದ್ದೇ. ಮುಂದಿನ ಮಳೆಗಾಲದಲ್ಲಿ ಮುಳಬಾಗಿಲು ಕಡೆಯ ಗಾಡಿಗಳು ನಮ್ಮ ಗೇಟಿಗೆ ಬರಲಿಲ್ಲ. ‘ಗ್ರೇಸಮ್ಮನ ಕೈಗುಣ’ ಎಂಬ ಮಾತನ್ನು ನಾನು ಮತ್ತೆ ಕೇಳಲಿಲ್ಲ.

ಹೊಲದಿಂದ ಬಂದ ದಿನವೇ ಕೆಲಸದ ಕ್ರಮ ಬದಲಾಯಿಸಿದ್ದೆ. ಟ್ರೇ ಅದ್ದಿದ್ದನ್ನು ನಾರಾಯಣಮ್ಮ ನೋಡಿ ಒಪ್ಪಿದ ಮೇಲಷ್ಟೇ ತುಂಬುವುದು. ಅವಳು ಬೇಡವೆಂದರೆ ನನ್ನ ಮಾತೂ ನಡೆಯುವುದಿಲ್ಲ. ನಂಬಿಕೆಯಿಂದ ವ್ಯಾಪಾರ ಮಾಡುವುದೆಂದರೆ ದೇವರ ಪಾಲಿಗೆ ನಮ್ಮ ಕೆಲಸವನ್ನು ಬಿಡುವುದಲ್ಲ ಎಂದು ಕಲಿಯಲು ನನಗೆ ಒಂಬತ್ತು ವರ್ಷ ಹಿಡಿಯಿತು.

ಮರುವರ್ಷದ ಬೇಸಿಗೆಯಲ್ಲಿ ಮುನಿವೆಂಕಟಪ್ಪನವರು ಬಂದರು. ನನ್ನನ್ನು ಮಾತಾಡಿಸಲಿಲ್ಲ, ಸಸಿಗಳನ್ನೂ ನೋಡಲಿಲ್ಲ. ನೇರ ಹಿತ್ತಲ ಬ್ಲೀಚಿಂಗ್ ತೊಟ್ಟಿಗೆ ಹೋಗಿ, ನೀರಲ್ಲಿ ಕೈ ಅದ್ದಿ, ಮೂಸಿ ನೋಡಿದರು. ಆಮೇಲೆ ಪಂಚೆಗೆ ಕೈ ಒರೆಸಿಕೊಳ್ಳುತ್ತಾ ಗಾಡಿಯ ಹತ್ತಿರ ಬಂದು ನಿಂತರು.

“ವಾಸ್ನೆ ಐತೆ. ಈಗ ಕರೀರಮ್ಮ ನಿಮ್ ದೇವ್ರನ್ನ.”