ಜೋಡುನಳಿಗೆಯ ಕೋವಿಗೆ ಸಾಕ್ಷಿ

ಪೊಲೀಸರು ಮನೆಗೆ ಬಂದು ಬೇರೆಯವರ ವಿಷಯ ಕೇಳಿದರೆ ಗೊತ್ತಿಲ್ಲ ಎನ್ನಬೇಕು ಎಂಬುದು ನನ್ನ ತಂದೆಯಿಂದ ನನಗೆ ಬಂದ ಏಕೈಕ ಪಿತ್ರಾರ್ಜಿತ. ಮೈಸೂರಿನಲ್ಲಿ ಅವರು ಒಮ್ಮೆ, ಎದುರುಮನೆಯ ಸೈಕಲ್ಲನ್ನು ಯಾರೋ ತಳ್ಳಿಕೊಂಡು ಹೋದದ್ದನ್ನು ಕಂಡೆನೆಂದು ಬಾಯಿಬಿಟ್ಟು, ಆಮೇಲೆ ಎಷ್ಟೋ ವರ್ಷ ಕೋರ್ಟಿನ ಜಗಲಿಯಲ್ಲಿ ಕೂತೆದ್ದು ಬಂದರು. ಸೈಕಲ್ಲು ಸಿಗಲಿಲ್ಲ. ಅಷ್ಟರಲ್ಲಿ ಕಳ್ಳನೇ ತಂದೆಯವರಿಗೆ ಪರಿಚಯಸ್ಥನಾಗಿ, ದಾರಿಯಲ್ಲಿ ಸಿಕ್ಕರೆ ಮಂಡಿನೋವು ಹೇಗಿದೆಯೆಂದು ವಿಚಾರಿಸುವಷ್ಟಾಗಿದ್ದ. ಈ ಪಿತ್ರಾರ್ಜಿತವನ್ನು ನಾನು ಕ್ಯೋಟೋಗೆ ಬರುವಾಗ ಜೊತೆಗೇ ತಂದೆ. ವಿಮಾನ ನಿಲ್ದಾಣದಲ್ಲಿ ಯಾರೂ ತಡೆಯಲಿಲ್ಲ.

ನಾವಿರುವುದು ಊರಿನ ಉತ್ತರದ ತುದಿಯಲ್ಲಿ, ಬಸ್ಸು ನಿಂತು ತಿರುಗಿಕೊಳ್ಳುವ ಜಾಗದಿಂದ ಹತ್ತು ನಿಮಿಷ ನಡೆದರೆ ಸಿಗುವ ಬೀದಿಯಲ್ಲಿ. ಬೀದಿ ಮುಗಿದರೆ ಗುಡ್ಡ. ಗುಡ್ಡದಿಂದ ಕಾಡುಹಂದಿಗಳು ಇಳಿದು ಬಂದು ಗೆಣಸು, ಮೂಲಂಗಿ, ನನ್ನ ಹೆಂಡತಿ ಕುಂಡದಿಂದ ನೆಲಕ್ಕೆ ಬಡ್ತಿ ಕೊಟ್ಟಿದ್ದ ಬದನೆ, ಎಲ್ಲವನ್ನೂ ಉತ್ತು ಹೋಗುತ್ತಿದ್ದವು. ಬೀದಿಯವರೆಲ್ಲ ಇದಕ್ಕೆ ನಂಬಿಕೊಂಡಿದ್ದದ್ದು ನಮ್ಮ ಪಕ್ಕದ ಮನೆಯ ಯಜಮಾನರನ್ನು. ಎಪ್ಪತ್ತು ದಾಟಿದವರು, ಹೆಂಡತಿ ತೀರಿಕೊಂಡಿದ್ದರು, ಮನೆಗಳಿಗೆ ಹೆಂಚು ಹೊದಿಸುವ ಕೆಲಸದಿಂದ ನಿವೃತ್ತರು. ಅವರ ಬಳಿ ಒಂದು ಬಿಳಿ ಪುಟ್ಟ ಟ್ರಕ್ಕು, ಒಂದು ಕಂದು ನಾಯಿ, ಒಂದು ಜೋಡುನಳಿಗೆಯ ರೈಫಲ್ ಇದ್ದವು. ನಾನು ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೊಮ್ಮೆ ಕರಾರು ಬದಲಾಯಿಸಿಕೊಳ್ಳುವ ಸಂಶೋಧಕ. ಆದರೂ ಅವರು ನನ್ನನ್ನು ಕರೆಯುವುದು ‘ಸೆನ್ಸೇ’, ಅಂದರೆ ಮೇಷ್ಟ್ರೇ, ಎಂದೇ. ನಾನು ತಿದ್ದಲು ಹೋಗಿರಲಿಲ್ಲ.

ಈ ದೇಶದಲ್ಲಿ ರೈಫಲ್ ಹಿಡಿಯಬೇಕಾದರೆ ಮೊದಲು ಹತ್ತು ವರ್ಷ ಚರೆಕೋವಿ ಹಿಡಿದು ಸಭ್ಯಸ್ಥನೆನಿಸಿಕೊಳ್ಳಬೇಕು. ಕೋವಿ ಗೋಡೆಗೆ ಬಿಗಿದ ಉಕ್ಕಿನ ಕಪಾಟಿನಲ್ಲಿ, ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಎರಡನ್ನೂ ಆಗಾಗ ಪೊಲೀಸರು ಕಣ್ಣಾರೆ ನೋಡಬೇಕು. ಅವರದು ಹಳೆಯ ಕೋವಿ. ಎರಡು ನಳಿಗೆ ಅಕ್ಕಪಕ್ಕ, ಒಳಗೆ ಎರಡೇ ಗುಂಡು.

“ಎರಡೇ ಯಾಕೆ?” ಎಂದು ಕೇಳಿದ್ದೆ.

“ಒಂದು ಹಂದಿಗೆ. ಇನ್ನೊಂದು, ನಂದು ತಪ್ಪಾದ್ರೆ.”

“ಮೂರನೇದು ಬೇಕಾದರೆ?”

“ಮೂರನೇದು ಬೇಕಾಗೋನು ಮನೇಲಿರಬೇಕು, ಸೆನ್ಸೇ.”

ಚಳಿಗಾಲದ ಬೇಟೆಯ ತಿಂಗಳುಗಳಲ್ಲಿ ಭಾನುವಾರ ನಾನೂ ಅವರ ಜೊತೆ ಹೋಗುತ್ತಿದ್ದೆ. ಸಸ್ಯಾಹಾರಿಗೆ ಹಂದಿಬೇಟೆಯಲ್ಲಿ ಏನು ಕೆಲಸ ಎಂದು ಕೇಳುವವರಿಗೆ ಹೇಳುತ್ತೇನೆ: ಫ್ಲಾಸ್ಕ್ ಹೊರುವುದು, ನಾಯಿಯ ಹಗ್ಗ ಹಿಡಿಯುವುದು, ಕಿತ್ತಳೆ ಬಣ್ಣದ ಅಂಗಿ ತೊಟ್ಟು ತಾನು ಹಂದಿಯಲ್ಲವೆಂದು ದೂರದಿಂದಲೇ ಸಾರುವುದು. ಒಮ್ಮೆ ಒಂದು ಮೊಲ ನಮ್ಮಿಂದ ಹತ್ತು ಹೆಜ್ಜೆಯಲ್ಲಿ ಕೂತು ಮೀಸೆ ಒರೆಸಿಕೊಂಡಿತು. ಯಜಮಾನರು ಕೋವಿ ಎತ್ತಲಿಲ್ಲ. ಕಾನೂನಿನಲ್ಲಿ ರೈಫಲ್ ಇರುವುದು ಕರಡಿ, ಹಂದಿ, ಜಿಂಕೆಗೆ ಮಾತ್ರವಂತೆ. ಮೊಲಕ್ಕೂ ಹಕ್ಕಿಗೂ ಚರೆಕೋವಿ ತರಬೇಕು. ಮೊಲ ಕಾನೂನು ಓದಿಕೊಂಡಂತೆ ಕಂಡಿತು. ನಿಧಾನವಾಗಿ ಎದ್ದು ಹೋಯಿತು.

ಈ ಕಥೆಗೆ ಬೇಕಾದದ್ದು ಒಂದು ನವೆಂಬರಿನ ಬೆಳಗ್ಗೆ. ಯಾರೂ ನೋಡಿಕೊಳ್ಳದ ಹಳೆಯ ತೋಟವೊಂದರಲ್ಲಿ ಕಾಕಿ ಮರದ ಹಣ್ಣುಗಳು ಉದುರಿ ಬಿದ್ದಿದ್ದವು. ಟೊಮೆಟೊದಂತೆ ಕಾಣುವ ಈ ಸಿಹಿ ಕಾಕಿ ಹಣ್ಣೆಂದರೆ ಹಂದಿಗೆ ಕಜ್ಜಾಯ. ಮರದಾಚೆಯ ಗಿಡ್ಡ ಬಿದಿರಿನ ಪೊದೆ ಅಲ್ಲಾಡಿತು. ನಾಯಿ ಬೊಗಳಲಿಲ್ಲ, ಬಾಲವನ್ನಷ್ಟೇ ಆಡಿಸಿತು. ಅದು ನನಗೆ ಆಗಲೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ಯಜಮಾನರ ಕೋವಿ ಎದೆಯವರೆಗೆ ಬಂತು. ನಾನು ಅವರ ಬಲಕ್ಕೆ ಎರಡು ಹೆಜ್ಜೆ ಹಿಂದಿದ್ದೆ. ಪೊದೆಯನ್ನು ನೋಡುವ ಧೈರ್ಯವಿಲ್ಲದೆ ಅವರ ಕೈಯನ್ನೇ ನೋಡುತ್ತಿದ್ದೆ. ತೋರುಬೆರಳು ಟ್ರಿಗರಿನ ಮೇಲೆ ಇರಲಿಲ್ಲ. ಅದರ ಮೇಲ್ಗಡೆ, ಮರದ ಹಿಡಿಯ ಉದ್ದಕ್ಕೆ, ಗೆರೆ ಎಳೆದ ಹಾಗೆ ನೆಟ್ಟಗೆ ಚಾಚಿಕೊಂಡಿತ್ತು. ಎಷ್ಟು ಹೊತ್ತೋ ಹಾಗೇ ಇತ್ತು. ಆಮೇಲೆ ಪೊದೆಯಿಂದ ಕಂದು ಜಾಕೆಟ್ಟಿನ ಒಬ್ಬ ಮುದುಕಿ ಹಣ್ಣಿನ ಬುಟ್ಟಿಯೊಡನೆ ಹೊರಬಂದರು. ಅಷ್ಟರಲ್ಲಿ ಕೋವಿ ನೆಲ ನೋಡುತ್ತಿತ್ತು.

“ಹಂದಿ ಸಿಕ್ತಾ?” ಎಂದು ಆಕೆ ಕೇಳಿದರು.

ಯಜಮಾನರು ಕೋವಿಯನ್ನು ಮಡಿಚಿ ಎರಡೂ ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. ಸೊಂಟದವರೆಗೆ ಬಗ್ಗಿ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದರು. ಆಕೆಗೆ ಯಾಕೆಂದು ತಿಳಿಯಲಿಲ್ಲ; ತಾನೂ ಬಗ್ಗಿ ಹೊರಟುಹೋದರು. ಅವತ್ತಿನ ಬೇಟೆ ಅಲ್ಲಿಗೆ ಮುಗಿಯಿತು.

ಮಾರ್ಚಿನಲ್ಲಿ ಒಬ್ಬ ಪೊಲೀಸ್ ಅಧಿಕಾರಿ ನಮ್ಮ ಬಾಗಿಲಿಗೆ ಬಂದ. ಸಮವಸ್ತ್ರವಿಲ್ಲ, ಬೂದು ಸೂಟು. ಚಿಕ್ಕ ವಯಸ್ಸು, ಚೊಕ್ಕ ಮಾತು. ಪ್ಲಮ್ ಹೂವು ಈ ಸಲ ಬೇಗ ಬಂತಲ್ಲವೇ ಎಂದ. ಹೂವಿನಿಂದ ಆರಂಭಿಸುವ ಪೊಲೀಸನ ಮಾತು ಎಲ್ಲಿಗೆ ಮುಗಿಯುವುದೋ ಎಂದು ನಾನು ಬಾಗಿಲನ್ನು ಅರ್ಧವೇ ತೆರೆದು ನಿಂತೆ.

“ಪಕ್ಕದ ಮನೆಯವರ ಕೋವಿ ಪರವಾನಗಿ ನವೀಕರಣ ಇದೆ. ಅವರು ನಿಮಗೆ ಚೆನ್ನಾಗಿ ಪರಿಚಯವೇ?”

“ಅಷ್ಟೇನಿಲ್ಲ.”

“ಬೇಟೆಗೆ ಅವರ ಜೊತೆ ಹೋಗಿದ್ದೀರಾ?”

“ನಾನು ಸಸ್ಯಾಹಾರಿ,” ಎಂದೆ. ಇದು ನಿಜವಾದ್ದರಿಂದ ಧ್ವನಿಯೂ ಗಟ್ಟಿಯಾಗಿತ್ತು.

“ಅಂದರೆ, ಹೋಗಿಲ್ಲ?”

“ಇಲ್ಲ.”

ಅವನು ಬರೆದುಕೊಂಡ. ಬರೆದು ತಲೆಯೆತ್ತಿದಾಗ ಅವನ ಕಣ್ಣು ನನ್ನ ಭುಜದ ಮೇಲಿಂದ ಹಾದು ಎಲ್ಲೋ ನಿಂತಿತು. ದನಿ ತಗ್ಗಿಸಿ ಕೇಳಿದ: “ಅವರನ್ನು ಕಂಡರೆ ನಿಮಗೆ ಭಯವೇನಾದರೂ ಇದೆಯೇ?”

“ಛೆ ಛೆ, ಇಲ್ಲವೇ ಇಲ್ಲ,” ಎಂದೆ. ಭಯವಿರುವವರು ಹೇಳುವುದೂ ಹೀಗೇ ಎಂದು ಹೇಳಿದ ಮೇಲೆ ಹೊಳೆಯಿತು.

ಅವನು ಹೋದ ಮೇಲೆ ಅಡುಗೆಮನೆಯಿಂದ ಹೆಂಡತಿ ಬಂದಳು. “ರೀ, ಯಾಕ್ರೀ ಹಂಗೆ ಸುಳ್ಳು ಹೇಳಿದ್ರಿ?”

“ಸುಳ್ಳಲ್ಲ. ಮುನ್ನೆಚ್ಚರಿಕೆ. ಪಾಪ, ಅವರಿಗೆ ನಮ್ಮಿಂದ ತೊಂದರೆ ಆಗಬಾರದು.”

“ನಿಮ್ಮ ಮುನ್ನೆಚ್ಚರಿಕೆ ಹಿಂದ್ಗಡೆ ಹುಕ್ಕಲ್ಲಿ ನೇತಾಡ್ತಿದೆ ನೋಡಿ.”

ತಿರುಗಿ ನೋಡಿದೆ. ಕಿತ್ತಳೆ ಬಣ್ಣದ ಬೇಟೆ ಅಂಗಿ ಬಾಗಿಲಿಗೆ ಎದುರಾಗಿ ಬೆಳಗುತ್ತಿತ್ತು.

ಆಮೇಲಿನ ಹತ್ತು ದಿನ ನಾನು ಯಾರನ್ನೂ ನಂಬಲಿಲ್ಲ. ಬಸ್ ನಿಲ್ದಾಣದಲ್ಲಿ ಬೂದು ಸೂಟಿನವರೆಲ್ಲ ಅವನಂತೆಯೇ ಕಂಡರು. ಜಪಾನಿನಲ್ಲಿ ಬೂದು ಸೂಟಿನವರು ಕಡಿಮೆಯಿಲ್ಲ. ಎದುರುಮನೆಯಾಕೆ ಬೀದಿ ಗುಡಿಸುವುದು ನಮ್ಮ ಗೇಟಿನ ಮುಂದೆ ಮಾತ್ರ ನಿಧಾನವಾಗುತ್ತಿದೆ ಅನ್ನಿಸಿತು. ಪಕ್ಕದ ಯಜಮಾನರು ಹೊರಗೇ ಕಾಣಿಸಲಿಲ್ಲ. ಹನ್ನೊಂದನೆಯ ದಿನ ಬಂದರು. ಯಾವಾಗಲೂ ನೇರ ಬಾಗಿಲಿಗೆ ಬರುವವರು ಅವತ್ತು ಗೇಟಿನ ಹೊರಗೇ ನಿಂತರು.

“ಸೆನ್ಸೇ, ನನ್ನ ಮೇಲೆ ನಿಮಗೇನಾದ್ರೂ ಬೇಸರ ಇದ್ಯಾ?”

ಇಲ್ಲವೆಂದೆ.

“ಅರ್ಜಿ ಕೊಡೋವಾಗ ಆ ಕಾಕಿ ಮರದ ದಿನದ ವಿಷಯ ಸ್ಟೇಷನ್ನಲ್ಲಿ ಹೇಳಿದೀನಿ. ಆಕೆ ಪೊದೆಯಿಂದ ಬಂದಿದ್ದು, ನನ್ನ ಬೆರಳು ಟ್ರಿಗರ್ ಮೇಲೆ ಇರದೇ ಇದ್ದಿದ್ದು, ಪಕ್ಕದ್ಮನೆ ಸೆನ್ಸೇ ಜೊತೇಲಿದ್ದಿದ್ದು. ಈಗ ಅವರು ಕೇಳ್ತಾರೆ, ಸೆನ್ಸೇ ನಿಜವಾಗ್ಲೂ ಇದ್ರಾ ಅಂತ.”

“ಅದನ್ನು ನೀವು ಹೇಳಿದ್ದಾದರೂ ಯಾಕೆ? ಯಾರೂ ಕೇಳಿರಲಿಲ್ಲವಲ್ಲ.”

ಅವರು ನನ್ನನ್ನು ಮೊದಲ ಸಲ ಅನುಮಾನದಿಂದ ನೋಡಿದರು. “ಆಗಿದ್ದನ್ನ ಹೇಳದೆ ಇರೋದು ಹೇಗೆ?”

ಈ ಪ್ರಶ್ನೆಗೆ ನಮ್ಮ ಮನೆತನದಲ್ಲಿ ಉತ್ತರವಿತ್ತು. ಜಪಾನೀ ಭಾಷೆಯಲ್ಲಿ ಹೇಳಲು ಬರಲಿಲ್ಲ.

“ನೀವು ಅಲ್ಲಿರ್ಲಿಲ್ಲ ಅಂತಾದ್ರೆ,” ಎಂದರು, “ನಾನೊಬ್ಬನೇ ಒಬ್ಬ ಹೆಂಗಸಿನ ಕಡೆ ಕೋವಿ ಎತ್ತಿ, ಸಾಕ್ಷಿ ಇದೆ ಅಂತ ಸುಳ್ಳು ಹೇಳಿದ ಹಾಗಾಯ್ತು. ಕೋವಿ ಕೊಟ್ಟುಬಿಡ್ಬೇಕು. ಈ ವಯಸ್ಸಲ್ಲಿ ಮತ್ತೆ ಯಾರು ಕೊಡ್ತಾರೆ?”

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬಗ್ಗಿ ನಮಸ್ಕರಿಸಿ ಹೋದರು.

ಮರುದಿನ ಬೆಳಗ್ಗೆಯೇ ಸ್ಟೇಷನ್ನಿಗೆ ಹೋದೆ. ನನ್ನ ವಂಶದಲ್ಲಿ ಕರೆಸಿಕೊಳ್ಳದೆ ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅದೇ ಅಧಿಕಾರಿ ಹಸಿರು ಚಹಾ ತಂದಿಟ್ಟ. ಕಾಕಿ ಮರ, ಪೊದೆ, ಬೆರಳು, ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿ, ಹಳೆಯ ಹಾಳೆಯನ್ನು ಹೊಸ ಹಾಳೆಯ ಪಕ್ಕ ಇಟ್ಟ.

“ಎರಡರಲ್ಲಿ ಯಾವುದು ಸರಿ?”

“ಎರಡನೆಯದು.”

“ಮೊದಲನೆಯದನ್ನು ಯಾಕೆ ಹೇಳಿದಿರಿ?”

ಮೈಸೂರಿನ ಸೈಕಲ್ಲಿನ ವೃತ್ತಾಂತವನ್ನು ಸಾದ್ಯಂತ ನಿವೇದಿಸಿದೆ. ಅವನು ಸೈಕಲ್ ಎಂದೂ ಬರೆದುಕೊಂಡ. ಅದು ಕಳುವಾದ ವರ್ಷ ಕೇಳಿದ. ಆಮೇಲೆ ಪೆನ್ನು ಕೆಳಗಿಟ್ಟು, “ಈಗ ಬಂದು ಹೀಗೆ ಹೇಳಿ ಎಂದು ಅವರು ನಿಮಗೆ ಹೇಳಿಲ್ಲ ತಾನೇ?” ಎಂದ.

ಅದು ನ್ಯಾಯವಾದ ಅನುಮಾನ. ಒಮ್ಮೆ ಸುಳ್ಳು ಹೇಳಿದವನ ನಿಜಕ್ಕೆ ಬೆಲೆ ಎಷ್ಟು? ಅವನ ಜಾಗದಲ್ಲಿದ್ದರೆ ನಾನೂ ಚಹಾ ಕೊಟ್ಟು ಕಳುಹಿಸುತ್ತಿದ್ದೆ.

“ಬೆರಳಿನ ವಿಷಯ ಅವತ್ತೇ ಬೇರೆ ಯಾರಿಗಾದರೂ ಹೇಳಿದ್ದಿರಾ?”

“ನನ್ನ ಹೆಂಡತಿಗೆ.”

“ನಾಳೆ ಅವರನ್ನು ಕಾಣುತ್ತೇನೆ. ದಯವಿಟ್ಟು ಮೊದಲೇ ಏನನ್ನೂ ನೆನಪಿಸಬೇಡಿ.”

ಮನೆಗೆ ಬಂದಾಗ ಹೆಂಡತಿ ಕೇಳಿದಳು, “ಏನಾಯ್ತು?”

“ಹೇಳುವ ಹಾಗಿಲ್ಲ. ನಾಳೆ ಅವನೇ ಬಂದು ನಿನ್ನನ್ನು ಕೇಳುತ್ತಾನೆ.”

“ಓಹೋ, ಅಷ್ಟು ದೊಡ್ಡ ಮನುಷ್ಯರಾದ್ರಾ. ತಟ್ಟೆ ಹಾಕ್ಕೊಳಿ.”

ನನ್ನ ಕೊನೆಯ ಅನುಮಾನ ಇದ್ದದ್ದು ಇಲ್ಲಿಯೇ. ಅವಳಿಗೆ ಬೇಟೆ ಕಂಡರಾಗದು. ಭಾನುವಾರ ನಾನು ಬಂದ ಕೂಡಲೇ ಗುಡ್ಡದ ಕಥೆ ತೆಗೆದರೆ, ಹೂಂ ಹೂಂ ಎನ್ನುತ್ತ ಮೊಬೈಲಿನಲ್ಲಿ ಅಕ್ಕನಿಗೆ ಮೆಸೇಜು ಮಾಡುವವಳು. ಇಷ್ಟು ವರ್ಷದ ದಾಂಪತ್ಯದಲ್ಲಿ ಅವಳು ನನ್ನ ಮಾತು ಕಿವಿಗೊಟ್ಟು ಕೇಳಿದ್ದಕ್ಕೆ ನನ್ನ ಬಳಿ ಪುರಾವೆಯೇ ಇರಲಿಲ್ಲ. ಮುದುಕರ ಕೋವಿ ಈಗ ಆ ಕಿವಿಗೆ ತಗುಲಿಕೊಂಡಿತ್ತು.

ಮಾರನೆಯ ದಿನ ಅಧಿಕಾರಿ ಬಂದ. ನನ್ನನ್ನು ಒಳಗಿನ ಕೋಣೆಗೆ ಕಳಿಸಿ ಜಾರುಬಾಗಿಲು ಎಳೆದರು. ಕಾಗದದ ಬಾಗಿಲು, ಕೇಳಿಸದಿರಲು ಪ್ರಯತ್ನ ಪಡಬೇಕಾಗುತ್ತದೆ. ನಾನು ಪಡಲಿಲ್ಲ. ತರಕಾರಿ ಅಂಗಡಿಯಲ್ಲಿ ಕಲಿತ ಅವಳ ಜಪಾನೀ ನನ್ನದಕ್ಕಿಂತ ಚೆನ್ನಾಗಿದೆ.

“ನವೆಂಬರಿನಲ್ಲಿ ಒಂದು ಭಾನುವಾರ ನಿಮ್ಮ ಗಂಡ ಬೇಗ ಮನೆಗೆ ಬಂದದ್ದು ನೆನಪಿದೆಯೇ?”

“ಬಂದ್ರು. ಚಪಾತಿ ಲಟ್ಟಿಸ್ತಿದ್ದೆ. ಒಬ್ರು ಹೆಂಗಸು ಪೊದೆಯಿಂದ ಬಂದ್ರು ಅಂತ ಹೇಳ್ತಾ ಹೇಳ್ತಾ ಕೈಯಿಂದ ಲಟ್ಟಣಿಗೇನೇ ಕಿತ್ಕೊಂಡ್ರು. ಶರ್ಟೆಲ್ಲ ಹಿಟ್ಟು.”

“ಕಿತ್ತುಕೊಂಡು?”

“ತೋರಿಸಿದ್ರು. ಇರಿ.”

ಅಡುಗೆಮನೆಯ ಡ್ರಾಯರಿನ ಸದ್ದಾಯಿತು. ಬಾಗಿಲಿನ ಸಂದಿಗೆ ಕಣ್ಣಿಟ್ಟೆ. ನನ್ನ ಹೆಂಡತಿ ಲಟ್ಟಣಿಗೆಯನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದಳು. ತೋರುಬೆರಳು ಮರದ ಉದ್ದಕ್ಕೆ ನೆಟ್ಟಗಿತ್ತು. ಅಧಿಕಾರಿ ಬಗ್ಗಿ ನೋಡಿ, ಸ್ವಲ್ಪ ಹಾಗೇ ಹಿಡಿದಿರಿ ಎಂದು ಕೇಳಿಕೊಂಡು, ಪುಸ್ತಕದಲ್ಲಿ ಆ ಬೆರಳಿನ ಚಿತ್ರ ಬರೆದುಕೊಂಡ.

“ಪಕ್ಕದ ಮನೆಯವರು ಕುಡಿಯುತ್ತಾರೆಯೇ?”

“ಕುಡೀತಾರೆ. ಬಾಟಲಿ ಕಸದ ದಿನ ನೋಡ್ತೀನಲ್ಲ. ತೊಳ್ದು, ಮುಚ್ಚಳ ಬೇರೆ ಮಾಡಿ, ಸಾಲಾಗಿ ಇಟ್ಟಿರ್ತಾರೆ. ನಮ್ಮನೆಯವರು ಜ್ಯೂಸ್ ಬಾಟಲೀನೂ ತೊಳೆಯಲ್ಲ.”

ಇದು ಪ್ರಶ್ನೆಯಲ್ಲಿರಲಿಲ್ಲ. ಆದರೂ ಅವನು ಬರೆದುಕೊಂಡ.

“ಕೂಗಾಡುತ್ತಾರೆಯೇ?”

“ರೇಡಿಯೋದಲ್ಲಿ ಬೇಸ್‌ಬಾಲ್ ಬಂದಾಗ.”

“ಪಕ್ಕದ ಮನೆಯಲ್ಲಿ ಕೋವಿ ಇರುವುದು ನಿಮಗೆ ಒಪ್ಪಿಗೆಯೇ?”

ನಾನು ಸಂದಿಯಿಂದ ಕಣ್ಣು ತೆಗೆದು ಕಿವಿ ಇಟ್ಟೆ.

“ಇಷ್ಟ ಇಲ್ಲ,” ಎಂದಳು. “ಕೊಲ್ಲೋದು ನಂಗಾಗಲ್ಲ. ಆದ್ರೆ ನೀವು ಬಂದಿದ್ದು ಬೆರಳಿನ ವಿಷಯಕ್ಕಲ್ವಾ? ಬೆರಳು ಹೀಗೇ ಇತ್ತು ಅಂತ ನಮ್ಮನೆಯವರು ಅವತ್ತು ಹೇಳಿದ್ರು. ಅವರಿಗೆ ಕಥೆ ಕಟ್ಟೋಕೆ ಬರುತ್ತೆ, ಆದ್ರೆ ಅಷ್ಟು ಬೇಗ ಬರಲ್ಲ.”

ಪರವಾನಗಿ ಏಪ್ರಿಲ್ ಕೊನೆಗೆ ಬಂತು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಪುಟ್ಟ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹೆಂಡತಿಗೆ ತೋರಿಸಿದರು. ಅವಳು ಪ್ರತಿ ಪುಟವನ್ನೂ ಪರಿಶೀಲಿಸಿ ಹಿಂದಿರುಗಿಸಿದಳು. ಹೊರಡುವಾಗ ನನ್ನ ಕಡೆ ತಿರುಗಿದರು.

“ಸೆನ್ಸೇ, ಮುಂದಿನ ಸಲ ನನ್ನನ್ನ ಬಲ್ಲವರು ಯಾರು ಅಂತ ಸ್ಟೇಷನ್ನಲ್ಲಿ ಕೇಳಿದ್ರೆ ನಿಮ್ಮ ಮನೆಯೋರ ಹೆಸರು ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ.”

ಇಲ್ಲವೆಂದೆ. ಸ್ವಲ್ಪ ಆಗಿತ್ತು.

ನವೆಂಬರಿನಲ್ಲಿ ಬೇಟೆ ಮತ್ತೆ ಶುರುವಾಯಿತು. ಮೊದಲ ಭಾನುವಾರ ನಾನು ಅಂಗಿ ತೊಟ್ಟು, ಫ್ಲಾಸ್ಕ್ ತುಂಬಿಸಿ ಕೂತಿದ್ದೆ. ಟ್ರಕ್ಕು ನಮ್ಮ ಗೇಟಿನ ಮುಂದೆ ನಿಲ್ಲದೆ ಗುಡ್ಡದ ಕಡೆಗೆ ಹೋಯಿತು. ಎರಡನೆಯ ಭಾನುವಾರವೂ ಹೋಯಿತು. ಮೂರನೆಯ ಭಾನುವಾರ ನಿಂತಿತು.