ತಟ್ಟೆಯೂ ಗ್ಲಾಸೂ ಒಟ್ಟಿಗೆ ಖಾಲಿಯಾಗಬೇಕು

ಆಕೆ ಕುಡುಕಿ ಎಂದು ನಾನು ಸುಮಾರು ನಾಲ್ಕು ತಿಂಗಳು ನಂಬಿದ್ದೆ. ನಂಬಿದ್ದು ಮಾತ್ರವಲ್ಲ, ನನ್ನ ಹೆಂಡತಿಯನ್ನೂ ನಂಬಿಸಲು ನೋಡಿದ್ದೆ.

ನಮ್ಮ ಅಡುಗೆಮನೆಯ ಕಿಟಕಿಯ ಎದುರಿಗೇ, ಸಣ್ಣ ಗಲ್ಲಿಯ ಆಚೆ, ಒಂದು ರೆಸ್ಟೋರೆಂಟಿನ ಪಾತ್ರೆ ತೊಳೆಯುವ ಕೋಣೆ. ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿ ಒಬ್ಬ ಹೆಂಗಸು ಬಂದು ನಿಲ್ಲುತ್ತಿದ್ದಳು. ಊಟ ಮುಗಿಸಿದವರು ಬಿಟ್ಟುಹೋದ ವೈನ್ ಗ್ಲಾಸುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯುವಳು, ಮೂಗಿನ ಹತ್ತಿರ ತರುವಳು, ಆಮೇಲೆ ನನಗೆ ಕಾಣದ ಕಡೆಗೆ ತಿರುಗುವಳು. ತಿರುಗಿದ ಮೇಲೆ ಏನು ಮಾಡುತ್ತಾಳೆಂದು ಊಹಿಸಲು ನನ್ನಂಥ ಬರಹಗಾರನಿಗೆ ಕಷ್ಟವೇ?

"ಪಾಪ, ಎಂಜಲು ಗ್ಲಾಸಿನದ್ದು ಕುಡೀತಾಳೆ ಕಣೇ," ಎಂದೆ.

"ಅದಿರಲಿ, ನೀವು ದಿನಾ ಮೂರು ಗಂಟೆಗೆ ಈ ಕಿಟಕೀಲಿ ಏನ್ ಮಾಡ್ತಿರ್ತೀರಿ?" ಎಂದಳು ಹೆಂಡತಿ.

ಸಮಾಜಸೇವೆ ಮಾಡುವವನಿಗೆ ಮನೆಯಿಂದಲೇ ಅಡ್ಡಿ ಶುರುವಾಗುತ್ತದೆ. ನಾನು ಕುಗ್ಗಲಿಲ್ಲ. ಯಾವುದೋ ಆಸ್ಪತ್ರೆಯವರು ಹಂಚಿದ್ದ, ಕುಡಿತ ಬಿಡಿಸುವ ಉಪಾಯಗಳ ಚೀಟಿಯೊಂದನ್ನು ಮಡಚಿಕೊಂಡು ಹೋಗಿ, ಗಲ್ಲಿಯಲ್ಲಿ ಆಕೆಯನ್ನು ನಿಲ್ಲಿಸಿ, ತಗ್ಗಿದ ದನಿಯಲ್ಲಿ ನಾಲ್ಕು ಒಳ್ಳೆಯ ಮಾತು ಹೇಳಿ ಕೈಗಿತ್ತೆ. ಆಕೆ ಚೀಟಿಯನ್ನು ಪೂರ್ತಿ ಓದಿದಳು. ಹಿಂದೆ ಮುಂದೆ ತಿರುಗಿಸಿಯೂ ನೋಡಿದಳು.

"ಸಾರ್, ನಾನು ಕುಡಿಯಲ್ಲ. ನೀವೆಲ್ಲ ಕುಡೀದೆ ಬಿಟ್ಟಿರ್ತೀರಲ್ಲ, ಅದನ್ನ ನೋಡ್ತೀನಿ."

ಆ ಚೀಟಿ ರೆಸ್ಟೋರೆಂಟಿನ ಅಲುಗಾಡುವ ಮೇಜೊಂದರ ಕಾಲಿನಡಿ ಸೇರಿತು. ಇಂದಿಗೂ ಆ ಮೇಜು ಅಲುಗಾಡುವುದಿಲ್ಲ. ನನ್ನ ಸಮಾಜಸೇವೆಯಿಂದ ಒಂದಾದರೂ ಸ್ಥಿರವಾಯಿತು.

ಆಕೆಯನ್ನು ಅಲ್ಲಿ ಎಲ್ಲರೂ ಕರೆಯುವುದು 'ಜೋಡಿಯಕ್ಕ' ಎಂದು. ಯಾವ ಊಟಕ್ಕೆ ಯಾವ ವೈನ್ ಜೋಡಿ ಎಂದು ಗೊತ್ತುಮಾಡುವುದು ಆಕೆಯ ಕೆಲಸ. ಮೆನುವಿನಲ್ಲಿ ಪ್ರತಿ ಪದಾರ್ಥದ ಕೆಳಗೆ ಸಣ್ಣ ಓರೆ ಅಕ್ಷರದಲ್ಲಿ ಒಂದು ಸಾಲು ಇರುತ್ತದಲ್ಲ, 'ಇದರೊಂದಿಗೆ ಇದು' ಎಂದು, ಆ ಸಾಲು ಆಕೆಯದು. ಅದನ್ನು ಆಕೆ ಯಾವ ಶಾಲೆಯಲ್ಲೂ ಕಲಿತವಳಲ್ಲ. ಗಂಡ ಲಾರಿಯ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದಾಗ ಬೆನ್ನು ಮುರಿದುಕೊಂಡ ಮೇಲೆ, ಗ್ಲಾಸು ತೊಳೆಯಲು ಬಂದವಳು ಹನ್ನೊಂದು ವರ್ಷ ತೊಳೆದಳು. ಅತ್ತೆ ಮಾತ್ರ ನೆರೆಹೊರೆಯವರಿಗೆ "ನಮ್ಮ ಸೊಸೆ ಹಣ್ಣಿನ ರಸದ ವಿಭಾಗದಲ್ಲಿದ್ದಾಳೆ" ಎಂದೇ ಹೇಳುತ್ತ ಬಂದರು. ದ್ರಾಕ್ಷಿ ಹಣ್ಣೇ ತಾನೆ, ಸುಳ್ಳೇನಿಲ್ಲ.

ತೊಳೆಯುವವರು ಕಾಣುವುದನ್ನು ಬಡಿಸುವವರು ಕಾಣುವುದಿಲ್ಲ. ತಟ್ಟೆ ಖಾಲಿ, ಗ್ಲಾಸು ತುಂಬಿ ಬಂದರೆ ವೈನ್ ಹೊಂದಲಿಲ್ಲ. ಗ್ಲಾಸು ಖಾಲಿ, ತಟ್ಟೆಯಲ್ಲಿ ಅರ್ಧ ಊಟ ಬಂದರೆ ಉಪ್ಪೋ ಖಾರವೋ ಮೀರಿದೆ, ತಿಂದವನು ನಾಲಿಗೆ ತೊಳೆದುಕೊಂಡಿದ್ದಾನೆ. ಎರಡೂ ಒಟ್ಟಿಗೆ ಖಾಲಿಯಾಗಿ ಬಂದರೆ ಜೋಡಿ ಕೂಡಿತು. ಇಷ್ಟೇ ಆಕೆಯ ಶಾಸ್ತ್ರ. ಒಂದು ದಿನ ಆಕೆ ಅಡುಗೆಯವನಿಗೆ "ಬಾತುಕೋಳಿ ಜೊತೆ ಕೊಡೋ ವೈನು ದಿನಾ ವಾಪಸ್ ಬರುತ್ತೆ ಕಣಪ್ಪ, ಅದಕ್ಕೆ ದಾರಿ ಗೊತ್ತಾಗೋಗಿದೆ" ಎಂದಿದ್ದು ಯಜಮಾನರ ಕಿವಿಗೆ ಬಿತ್ತು. ಬದಲಾಯಿಸಿ ನೋಡಿದರು. ವಾಪಸ್ ಬರಲಿಲ್ಲ. ಅಲ್ಲಿಂದ ಆಕೆ ಮೆಲ್ಲಗೆ ಒಂದೊಂದೇ ಜೋಡಿ ಕೂಡಿಸುತ್ತ ಬಂದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ತಗಡಿನ ಡಬ್ಬಕ್ಕೆ ಉಗಿಯುವಳು. ನನಗೆ ಕಾಣದ ಕಡೆಗೆ ತಿರುಗುತ್ತಿದ್ದುದು ಆ ಡಬ್ಬದ ಕಡೆಗೆ.

ಆ ಹೊತ್ತಿಗೆ ಸೋಪಿನ ನೀರಿಗೆ ಆಕೆಯ ಅಂಗೈ ಬಿರಿದು ರಕ್ತ ಒಸರುತ್ತಿತ್ತು. ಇನ್ನೊಂದು ವರ್ಷ ಈ ನೀರಿನಲ್ಲಿ ಕೈ ಇಟ್ಟರೆ ಬೆರಳು ಮಡಚುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಪಾತ್ರೆ ತೊಳೆಯುವ ತೊಟ್ಟಿಯ ಕೆಲಸಕ್ಕೆ ಆಕೆಯ ನಾದಿನಿ ಬಂದಳು. ಮನೆ ಅವರಿಬ್ಬರ ಸಂಬಳದ ಮೇಲೆ ನಿಂತಿತು.

ಹೀಗಿರುವಾಗ ಬಂದ, ವೈನ್ ಪಂಡಿತ.

ಯಜಮಾನರು ಯಾವುದೋ ದೊಡ್ಡ ಹೋಟೆಲಿಗೆ ಹೋಗಿದ್ದಾಗ ಅವನನ್ನು ಕಂಡು ಮರುಳಾಗಿದ್ದರು. ಕೊರಳಲ್ಲಿ ಸರಪಣಿ, ಸರಪಣಿಯಲ್ಲಿ ಪುಟ್ಟದೊಂದು ಬೆಳ್ಳಿಯ ಬಟ್ಟಲು. ಅದರಲ್ಲಿ ವೈನ್ ರುಚಿ ನೋಡುವುದಂತೆ. ಅಡುಗೆಮನೆಯವರು ಮೊದಲ ದಿನವೇ ಅವನಿಗೆ 'ಬೆಳ್ಳಿಬಟ್ಟಲು' ಎಂದು ಹೆಸರಿಟ್ಟರು. ಹಿತ್ತಲ ಗಿಡ ಮದ್ದಲ್ಲವಲ್ಲ. ಹೊಸ ಮೆನು ಕಾರ್ಡನ್ನು ಅವನೇ ಮಾಡಿಕೊಡಲಿ ಎಂದು ಯಜಮಾನರ ಮನಸ್ಸು. ಆದರೂ ಇಷ್ಟು ವರ್ಷದ ಮುಖದಾಕ್ಷಿಣ್ಯ. ಭಾನುವಾರ ಮಧ್ಯಾಹ್ನ ಒಂದು ಪರೀಕ್ಷೆ ಇಟ್ಟರು. ಹನ್ನೆರಡು ಮೇಜು, ಮೇಜಿಗೊಬ್ಬರು ಅತಿಥಿ, ಎಲ್ಲರಿಗೂ ಒಂದೇ ಊಟ. ಕಿಟಕಿಯ ಸಾಲಿನ ಆರಕ್ಕೆ ಬೆಳ್ಳಿಬಟ್ಟಲಿನ ಜೋಡಿ, ಗೋಡೆಯ ಸಾಲಿನ ಆರಕ್ಕೆ ಜೋಡಿಯಕ್ಕನ ಜೋಡಿ. ಊಟದ ಕೊನೆಗೆ ಅತಿಥಿಗಳು ಚೀಟಿಯಲ್ಲಿ ಅಭಿಪ್ರಾಯ ಬರೆಯಬೇಕು. ಗೆದ್ದವರ ಪಟ್ಟಿ ಸೋಮವಾರ ಪ್ರೆಸ್ಸಿಗೆ.

"ಸೋತ್ರೆ?" ಎಂದು ಆಕೆ ಕೇಳಿದಳಂತೆ.

"ಸೋತ್ರೆ ಏನಮ್ಮ, ನಿನ್ನ ಬಿಟ್ಟುಬಿಡ್ತೀವಾ? ತೊಟ್ಟಿ ಇದ್ದೇ ಇದೆಯಲ್ಲ," ಎಂದರಂತೆ ಯಜಮಾನರು, ಬಹಳ ಉದಾರವಾಗಿ.

ತೊಟ್ಟಿ ಒಂದೇ. ಆಕೆ ಅಲ್ಲಿಗೆ ಮರಳಿದರೆ ನಾದಿನಿ ಹೊರಗೆ. ಆಕೆಯ ಬೆರಳ ಕಥೆ ಡಾಕ್ಟರು ಹೇಳಿಯಾಗಿತ್ತು.

ಪರೀಕ್ಷೆಯ ಅತಿಥಿಗಳಲ್ಲಿ ನಾನೂ ಒಬ್ಬ. ಪತ್ರಿಕೆಯಲ್ಲಿ ಬರೆಯುವವರು ಎಂದು ಕಿಟಕಿಯ ಸಾಲಿನಲ್ಲೇ ಕೂರಿಸಿದರು. ಪ್ರತಿ ಕಿಟಕಿಯ ಕೆಳಗೂ ಒಂದು ಗಿಡದ ಕುಂಡ. ಇದನ್ನು ದಯವಿಟ್ಟು ನೆನಪಿಡಿ.

ಬೆಣ್ಣೆಯಲ್ಲಿ ಹುರಿದು ನಿಂಬೆರಸ ಹಿಂಡಿದ ಕೊಬ್ಬಿನ ಮೀನು ಬಂತು. ಗೋಡೆಯ ಕಡೆ ಅದಕ್ಕೆ ತಣ್ಣನೆಯ ಬಿಳಿ ವೈನ್. ನಮಗೆ ಕಪ್ಪೆನ್ನುವಷ್ಟು ಗಾಢವಾದ ಕೆಂಪು. ಬೆಳ್ಳಿಬಟ್ಟಲು ಮೇಜಿನಿಂದ ಮೇಜಿಗೆ ಬಂದು, "ಇದು ಧೈರ್ಯಸ್ಥರ ಜೋಡಿ. ಸಾಮಾನ್ಯ ನಾಲಿಗೆಗೆ ತಿಳಿಯೋದಿಲ್ಲ," ಎಂದು ಪಿಸುಗುಟ್ಟಿ ಹೋದ.

ಮೀನು ಅಗಿದು ಒಂದು ಗುಟುಕು ಕುಡಿದೆ. ಹಳೆಯ ಬೀಗದ ಕೈಯನ್ನು ಬಾಯಲ್ಲಿ ಇಟ್ಟುಕೊಂಡ ಹಾಗಾಯಿತು. ವೈನಿನ ಒಗರೂ ಮೀನಿನ ಜಿಡ್ಡೂ ಸೇರಿ ಶುದ್ಧ ತುಕ್ಕು. ಸುತ್ತ ನೋಡಿದೆ. ಪಕ್ಕದ ಮೇಜಿನ ನಿವೃತ್ತ ಹೆಡ್‌ಮೇಡಂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಸಾಮಾನ್ಯ ನಾಲಿಗೆಯವನು ನಾನೊಬ್ಬನೇ ಎಂದುಕೊಂಡೆ. ನಾನೂ ಕಣ್ಣು ಮುಚ್ಚಿ ತಲೆದೂಗಿದೆ. ಬೆಳ್ಳಿಬಟ್ಟಲು ಬೆನ್ನು ತಿರುಗಿಸಿದ್ದೇ ಗ್ಲಾಸನ್ನು ಕುಂಡಕ್ಕೆ ಬಗ್ಗಿಸಿದೆ. ಬಾಯಿ ಕೆಟ್ಟಿದ್ದರಿಂದ ಮೀನೂ ಸೇರಲಿಲ್ಲ. ಚೀಟಿಯಲ್ಲಿ ಮಾತ್ರ ಬರೆದೆ: 'ಗಂಭೀರ, ಆಳ, ಬಹುಕಾಲ ನೆನಪಿನಲ್ಲಿ ಉಳಿಯುವಂಥದ್ದು.' ಒಂದು ಪದವೂ ಸುಳ್ಳಲ್ಲ.

ಊಟ ಮುಗಿದು ತಟ್ಟೆ ಗ್ಲಾಸು ಎತ್ತುತ್ತಿದ್ದಂತೆ ಯಜಮಾನರು ನಡುವೆ ನಿಂತು ಚೀಟಿಗಳನ್ನು ಗಟ್ಟಿಯಾಗಿ ಓದಿದರು. ಕಿಟಕಿಯ ಸಾಲಿನವರು ಒಬ್ಬೊಬ್ಬರೂ ಪ್ರಬಂಧ ಬರೆದಿದ್ದರು. ಗೋಡೆಯ ಸಾಲಿನವರ ಚೀಟಿಗಳಲ್ಲಿ 'ಚೆನ್ನಾಗಿತ್ತು', 'ಚೆನ್ನಾಗಿತ್ತು', ಒಂದರಲ್ಲಿ ಬರೀ ಬೆಣ್ಣೆಯ ಕಲೆ.

"ನೋಡಮ್ಮ, ನಿನ್ನ ಕಡೆಯವರಿಗೆ ಎರಡನೇ ಪದಾನೇ ಹೊಳೆದಿಲ್ಲ," ಎಂದರು ಯಜಮಾನರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜೋಡಿಯಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಚೀಟಿ ಬೇಡ ಸಾರ್. ಗ್ಲಾಸು ನೋಡಿ," ಎಂದವಳೇ ಒಳಗೆ ಓಡಿದಳು. ಯಜಮಾನರು ಹಿಂದೆ, ಬೆಳ್ಳಿಬಟ್ಟಲು ಅವರ ಹಿಂದೆ, ಕರೆಯದಿದ್ದರೂ ನಾನು ಅವನ ಹಿಂದೆ.

ತೊಟ್ಟಿಯ ಮುಂದೆ ನಾದಿನಿ ತೋಳು ಮಡಚಿ ನಿಂತಿದ್ದಳು. ಗೋಡೆಯ ಸಾಲಿನ ಗ್ಲಾಸುಗಳೆಲ್ಲ ತೊಳೆದು ಬೋರಲು ಹಾಕಿ ಫಳಫಳ ಹೊಳೆಯುತ್ತಿದ್ದವು.

"ಅಯ್ಯೋ, ಇವತ್ತು ತೊಳೆದುಬಿಟ್ಯೇನೇ!"

"ನೀವೇ ತಾನೇ ಅತ್ತಿಗೆ ಹೇಳಿಕೊಟ್ಟಿದ್ದು? ಗ್ಲಾಸು ಒಣಗಿದ್ರೆ ಕಲೆ ಹೋಗಲ್ಲ, ಬಂದ ತಕ್ಷಣ ನೀರಿಗೆ ಹಾಕು ಅಂತ? ಇವತ್ತು ಪರೀಕ್ಷೆ ಅಂತ ನೀವು ನೋಡೋಕೂ ಕಾಯದೆ ಬೇಗ ಬೇಗ ತೊಳೆದೆ," ಎಂದಳು ನಾದಿನಿ, ಹೊಗಳಿಕೆಗೆ ಕಾಯುತ್ತ.

ಜೋಡಿಯಕ್ಕ ಕಲಿಸಿದ ವಿದ್ಯೆಯೇ ಜೋಡಿಯಕ್ಕನ ಸಾಕ್ಷಿಯನ್ನೆಲ್ಲ ತೊಳೆದುಹಾಕಿತ್ತು. ಉಳಿದಿದ್ದು ಕಿಟಕಿಯ ಸಾಲಿನ ತಟ್ಟೆ ಗ್ಲಾಸು ಮಾತ್ರ. ಯಜಮಾನರು ಬಗ್ಗಿ ನೋಡಿದರು.

"ಇವು ಖಾಲಿನೇ ಇವೆಯಲ್ಲಮ್ಮ. ಆರಕ್ಕೆ ನಾಲ್ಕು ಪೂರ್ತಿ ಖಾಲಿ!"

"ಮೀನು ಉಳಿದಿದೆ ಸಾರ್. ತಟ್ಟೇಲಿ ನೋಡಿ. ಎರಡೂ ಒಟ್ಟಿಗೆ ಖಾಲಿಯಾಗಬೇಕು..."

"ವೈನಿನಲ್ಲಿ ಮೈಮರೆತು ಮೀನನ್ನೇ ಮರೆತಿದ್ದಾರೆ," ಎಂದ ಬೆಳ್ಳಿಬಟ್ಟಲು. ಯಜಮಾನರು ನಕ್ಕರು. ಅವನೂ ನಕ್ಕ. ನಗದಿದ್ದರೆ ಅನುಮಾನ ಬಂದೀತೆಂದು ನಾನೂ ನಕ್ಕೆ.

ಆಕೆ ತನ್ನ ಅಂಗೈ ನೋಡಿಕೊಂಡಳು. ಬಿರುಕುಗಳು ಕೂಡಿಕೊಂಡು ಬಿಳಿಯ ಗೆರೆಗಳಾಗಿದ್ದವು. ಆಮೇಲೆ ಒಂದು ಗ್ಲಾಸನ್ನೆತ್ತಿ ಬೆಳಕಿಗೆ ಹಿಡಿದಳು, ನಾನು ನಾಲ್ಕು ತಿಂಗಳು ಕಿಟಕಿಯಿಂದ ಕಂಡಿದ್ದ ಹಾಗೆಯೇ.

"ಇದರ ಅಂಚಿಗೆ ಒಂದೇ ಒಂದು ಸಲ ತುಟಿ ತಾಗಿದೆ," ಎಂದಳು. "ಒಂದೇ ಗುಟುಕಿಗೆ ಯಾರು ಸಾರ್ ಇಷ್ಟು ವೈನು ಕುಡೀತಾರೆ?"

ಉತ್ತರಕ್ಕೆ ಕಾಯದೆ ಊಟದ ಹಾಲಿಗೆ ನಡೆದಳು. ಅತಿಥಿಗಳೆಲ್ಲ ಇನ್ನೂ ಕೂತಿದ್ದರು. ಕಿಟಕಿಯ ಸಾಲಿನುದ್ದಕ್ಕೂ ನಿಧಾನವಾಗಿ ಬಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೋಗಿ ನನ್ನ ಕುಂಡಕ್ಕೆ ಅಡ್ಡ ನಿಂತೆ. ಆಕೆ ನನ್ನ ಮುಂದೆ ನಿಂತಳು. ನಾನು ಸರಿದೆ. ಆಕೆ ಬಗ್ಗಿ ಮಣ್ಣಿಗೆ ಬೆರಳು ಒತ್ತಿ ಎತ್ತಿದಳು. ಬೆರಳು ಕೆಂಪು.

"ಇದನ್ನ ಇಲ್ಲಿ ಸುರಿದಿದ್ದು ಯಾರು?" ಎಂದರು ಯಜಮಾನರು.

ಆಕೆಗೆ ಗೊತ್ತಿತ್ತು. ನನ್ನ ಮುಖ ನೋಡಿದಳು, ಬಾಯಿ ಬಿಡಲಿಲ್ಲ. ಯಜಮಾನರ ಕೈಯಲ್ಲಿ ನನ್ನ ಚೀಟಿ ಮೇಲುಗಡೆಯೇ ಇತ್ತು. 'ಗಂಭೀರ, ಆಳ.' ಒಂದು ಕಡೆ ಇಪ್ಪತ್ತು ವರ್ಷ ಬರೆದು ಕೂಡಿಹಾಕಿದ ನನ್ನ ಮಾನ. ಇನ್ನೊಂದು ಕಡೆ ಆಕೆಯ ಹತ್ತು ಬೆರಳು. ತೂಗಿ ನೋಡಲು ಇಷ್ಟು ಹೊತ್ತು ಬೇಕಾಯಿತೆಂದು ಹೇಳಿಕೊಳ್ಳಲು ಈಗಲೂ ನಾಚಿಕೆ.

"ನಾನು," ಎಂದೆ. "ತುಕ್ಕು ಹಿಡಿದ ಹಾಗಿತ್ತು. ನನಗೊಬ್ಬನಿಗೇ ತಿಳೀತಿಲ್ಲ ಅಂದ್ಕೊಂಡು ಸುಮ್ನಿದ್ದೆ."

ಆಮೇಲೆ ಹೆಡ್‌ಮೇಡಂ ಗಂಟಲು ಸರಿಮಾಡಿಕೊಂಡರು. "ನಾನು... ಸ್ವಲ್ಪ ಉಳಿಸಿದ್ದೆ. ಪೂರ್ತಿ ಹಾಕಿಲ್ಲ," ಎಂದರು. ಅವರ ಗ್ಲಾಸೂ ಖಾಲಿಯವುಗಳಲ್ಲೇ ಒಂದು. ಹೋಗಿ ನೋಡಿದರೆ ಆರರಲ್ಲಿ ನಾಲ್ಕು ಕುಂಡ ಒದ್ದೆ.

ಜೋಡಿಯಕ್ಕ ನನ್ನ ಕಡೆ ತಿರುಗಿದಳು. "ಕುಡಿಯೋದು ಬಿಡಿ ಅಂತ ನಂಗೆ ಚೀಟಿ ಕೊಟ್ಟಿದ್ರಿ. ನೀವೇ ಬಿಟ್ಬಿಟ್ರಲ್ಲ ಸಾರ್!"

ಯಜಮಾನರು ನಗಲಿಲ್ಲ. ಅಡುಗೆಯವನಿಂದ ಒಂದು ತುಂಡು ಮೀನು ತರಿಸಿ, ಆ ಕೆಂಪು ವೈನನ್ನು ಬಗ್ಗಿಸಿಕೊಂಡು ನಿಂತೇ ತಿಂದರು, ನಿಂತೇ ಕುಡಿದರು. ಆಕೆ ಅವರ ಕೆನ್ನೆಗಳನ್ನೇ ನೋಡುತ್ತಿದ್ದಳು. ಕೆನ್ನೆಗಳು ಒಳಗೆ ಹೋದವು, ಹುಬ್ಬು ಮೇಲೆ ಹೋಯಿತು. ಬೆಳ್ಳಿಬಟ್ಟಲು ದ್ರಾಕ್ಷಿ ಬೆಳೆದ ಗುಡ್ಡದ ಬಿಸಿಲಿನ ಬಗ್ಗೆ ಏನೋ ಶುರುಮಾಡಿದ. ಯಜಮಾನರು ಕೈಸನ್ನೆಯಲ್ಲೇ ಅವನನ್ನು ತಡೆದು, ಅತ್ತಿತ್ತ ನೋಡಿ, ಮರ್ಯಾದೆಯಾಗಿ ನುಂಗಿದರು. ಕುಂಡದ ಪಕ್ಕದಲ್ಲಿ ಅವರು ನಿಂತಿರಲಿಲ್ಲ, ಪಾಪ.

"ಒಳಗಿನ ಪಟ್ಟಿ ನಿಂದೇ ಇರಲಮ್ಮ," ಎಂದರು.

ಆಕೆ ಅಡುಗೆಮನೆಯ ಬಾಗಿಲವರೆಗೆ ಹೋಗಿ, ಚೌಕಟ್ಟು ಹಿಡಿದು ಅಲ್ಲೇ ಕೂತುಬಿಟ್ಟಳು. ಒದ್ದೆ ಕೈಯಲ್ಲೇ ಓಡಿಬಂದ ನಾದಿನಿ ಆಕೆಯ ಭುಜ ಮುಟ್ಟಲು ಹೋಗಿ, ಏನೋ ನೆನಪಾಗಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಆಮೇಲೆ ಮುಟ್ಟಿದಳು.

ಹೊಸ ಮೆನುವಿನ ಮುಖಪುಟದಲ್ಲಿ ಬೆಳ್ಳಿಬಟ್ಟಲಿನ ಫೋಟೋ ಇದೆ. ಕರೆಸಿದ ಮರ್ಯಾದೆಗೆ ಅಷ್ಟಾದರೂ ಬೇಡವೇ ಎಂದು ಯಜಮಾನರ ವಾದ. ಒಳಗಿನ ಸಾಲುಗಳೆಲ್ಲ ಜೋಡಿಯಕ್ಕನವು. ಹೆಸರು ಎಲ್ಲೂ ಇಲ್ಲ. "ಹೆಸರು ಹಾಕಿಸಿಕೊಂಡ್ರೆ ಕೈಗೆ ಮುಲಾಮು ಹಚ್ಚಿದ ಹಾಗಾಗುತ್ತಾ?" ಎನ್ನುತ್ತಾಳೆ.

ಇದನ್ನೆಲ್ಲ ಬರೆಯಬೇಕೆಂದು ಮೊನ್ನೆ ಆಕೆಯ ಮುಂದೆ ಪೆನ್ನು ಬಿಚ್ಚಿ ಕೂತೆ. ಆಕೆ ಗ್ಲಾಸುಗಳನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಬರಹಕ್ಕೆ ಒಂದು ಗಂಭೀರವಾದ, ಆಳವಾದ ಕೊನೆ ಬೇಕಲ್ಲ, ದನಿ ತಗ್ಗಿಸಿ ಕೇಳಿದೆ, "ಅಕ್ಕ, ಇಷ್ಟೆಲ್ಲ ಕಂಡ ನಿಮ್ಮ ಬದುಕಿಗೆ ಯಾವ ವೈನ್ ಜೋಡಿ ಅನ್ನಿಸುತ್ತೆ?"

ಆಕೆ ಗ್ಲಾಸನ್ನು ಕೆಳಗಿಟ್ಟಳು.

"ನಿಮ್ಮ ಕುಂಡದ ಗಿಡ ಸತ್ತೋಗಿದೆ. ಮೊದಲು ಬೇರೆ ತಂದಿಡಿ."